ತಾಯಿ ಬಾಯಿಬಿಡಬೇಕಾದರೆ

ಒಂದು ಮಗುವಿಗೆ ನಿನ್ನೆ ಕಲಿತ ಮಗ್ಗಿ ಇವತ್ತು ನೆನಪಿಲ್ಲ. ಗಡಿಯಾರ ನೋಡಲು ಬರುತ್ತದೆ, ಹತ್ತು ನಿಮಿಷವೆಂದರೆ ಎಷ್ಟು ಹೊತ್ತು ಎಂಬ ಅಂದಾಜಿಲ್ಲ. ಅರಳು ಹುರಿದಂತೆ ಮಾತಾಡುತ್ತದೆ, ಆದರೆ ಒಟ್ಟಿಗೆ ಎರಡು ಕೆಲಸ ಹೇಳಿದರೆ ಎರಡನೆಯದು ಕೈಬಿಟ್ಟೇ ಹೋಗುತ್ತದೆ. ಬೆಳಗ್ಗೆ ಬೈಸಿಕೊಂಡ ತಪ್ಪನ್ನು ಸಂಜೆ ಮತ್ತೆ ಮಾಡುತ್ತದೆ. ಇಂಥ ಮಗುವಿಗೆ ಸೋಮಾರಿ, ಹಟಮಾರಿ, ಸುಳ್ಳುಗಾರ ಎಂಬ ಬಿರುದುಗಳು ಬೇಗ ಸಿಗುತ್ತವೆ. ಇಂಥ ನಡವಳಿಕೆಗೆ ಕಾರಣ ಹಲವು ಇರಬಹುದು. ಅವುಗಳಲ್ಲಿ ಒಂದು, ಮಗು ಹುಟ್ಟುವ ಮೊದಲೇ ಅದರ ಮಿದುಳಿಗೆ ತಗುಲಿದ ಮದ್ಯ. ಬಸುರಿ ಕುಡಿದ ಮದ್ಯ ಮಾಸನ್ನು ದಾಟಿ ಮಗುವಿನ ರಕ್ತಕ್ಕೆ ಸೇರುತ್ತದೆ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಆ ಎಳೆಯ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. 1968ರಲ್ಲಿ ಫ್ರಾನ್ಸಿನ ನಾಂಟ್ ನಗರದ ವೈದ್ಯ ಪಾಲ್ ಲೆಮ್ವಾನ್ ಇಂಥ 127 ಮಕ್ಕಳ ವಿವರ ಪ್ರಕಟಿಸಿದಾಗ ಹೆಚ್ಚಿನವರು ಗಮನಿಸಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಈ ಊನಕ್ಕೆ ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ತೀವ್ರವಾದ ಆ ರೂಪದಿಂದ ಹಿಡಿದು ಕಣ್ಣಿಗೆ ಕಾಣದ ತೊಡಕುಗಳವರೆಗಿನ ಇಡೀ ಗುಂಪನ್ನು ಈಗ ಫೀಟಲ್ ಆಲ್ಕೊಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್ ಅನ್ನುತ್ತಾರೆ. ಹೆಸರು ಉದ್ದವಾಯಿತು, ನಾನು ಇದನ್ನು 'ಗರ್ಭದ ಮದ್ಯಬಾಧೆ' ಎಂದು ಕರೆಯುತ್ತೇನೆ.

ಈ ಬಾಧೆಯಿರುವ ಮನೆಗಳಿಗೆ ಆಸರೆ ಎಲ್ಲಿಂದ ಸಿಗಬೇಕು ಎಂಬುದು ಇವತ್ತಿನ ವಿಷಯ. ಔಷಧ, ವಿಶೇಷ ಶಾಲೆ, ಸರ್ಕಾರದ ಹಣ ಎಲ್ಲವೂ ಬೇಕು, ನಿಜ. ಆದರೆ ತಾಯಿಯನ್ನು ದೂಷಿಸುವುದು ನಿಲ್ಲದೆ ಇವು ಯಾವುವೂ ಮಗುವಿನ ಬಳಿಗೆ ಬಂದು ತಲುಪುವುದಿಲ್ಲ ಎಂಬುದು ನನ್ನ ವಾದ. ಇದನ್ನು ಕರುಣೆಯ ಮಾತೆಂದು ಕೇಳಬೇಡಿ. ರೋಗವನ್ನು ಪತ್ತೆ ಮಾಡುವ ಬಗೆಯಲ್ಲೇ ಇದಕ್ಕೆ ಕಾರಣವಿದೆ. ಮೂಗಿನ ಕೆಳಗಿನ ತೋಡು ಮಟ್ಟಸವಾಗಿರುವುದು, ತೆಳ್ಳನೆಯ ಮೇಲ್ದುಟಿ, ಕಿರಿದಾದ ಕಣ್ಣಿನ ಸೀಳು, ಈ ಮೂರೂ ಇದ್ದರೆ ಅನುಭವಿ ವೈದ್ಯರಿಗೆ ಮುಖವೇ ಸುಳಿವು ಕೊಡುತ್ತದೆ. ಆದರೆ ಬಾಧೆಗೊಳಗಾದ ಬಹುಪಾಲು ಮಕ್ಕಳ ಮುಖದಲ್ಲಿ ಇವು ಇರುವುದೇ ಇಲ್ಲ. ಮುಂದೆ ಎಷ್ಟೋ ವರ್ಷಗಳ ಮೇಲೆ ರಕ್ತ ತೆಗೆದು ನೋಡಿ ಹೇಳುವ ಪರೀಕ್ಷೆಯೂ ಇಲ್ಲ. ಆಗ ವೈದ್ಯರಿಗೆ ಉಳಿಯುವ ಮುಖ್ಯ ಸಾಕ್ಷ್ಯವೆಂದರೆ ಬಸಿರಿನ ದಿನಗಳ ಬಗ್ಗೆ ತಾಯಿ ಹೇಳುವ ಮಾತು. ಬೀಗದ ಕೈ ಇರುವುದು ಅವಳ ಬಳಿ. ಬಾಯಿಬಿಟ್ಟರೆ 'ಮಗುವಿನ ಬಾಳು ಹಾಳುಮಾಡಿದವಳು' ಎಂಬ ಪಟ್ಟ ಕಾದಿದೆ ಎಂದು ಗೊತ್ತಿದ್ದರೆ ಯಾವ ತಾಯಿ ತಾನೇ ಆ ಬೀಗದ ಕೈಯನ್ನು ಕೊಟ್ಟಾಳು?

ಗುರುತು ಸಿಗದಿದ್ದರೆ ನಷ್ಟವೇನು, ಹೇಗೂ ವಾಸಿಯಾಗದ ಊನವಲ್ಲವೇ ಎಂದು ಕೇಳಬಹುದು. ಇದಕ್ಕೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆನ್ ಸ್ಟ್ರೈಸ್‌ಗತ್ ಮತ್ತು ಸಂಗಡಿಗರು 1996ರಲ್ಲಿ ಕೊಟ್ಟ ವರದಿಯಲ್ಲಿ ಉತ್ತರವಿದೆ. ಅವರು ಈ ಬಾಧೆಯಿರುವ 415 ಜನರ ಬದುಕನ್ನು ಪರಿಶೀಲಿಸಿದರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಮಾನಸಿಕ ತೊಂದರೆಗಳಿದ್ದವು. ಹದಿಹರೆಯಕ್ಕೆ ಕಾಲಿಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಓದು ಮುರಿದುಬಿದ್ದಿತ್ತು, ಪೊಲೀಸರ ಸಹವಾಸವೂ ಹೆಚ್ಚುಕಡಿಮೆ ಅಷ್ಟೇ ಜನರಿಗೆ ಆಗಿತ್ತು. ಇವು ಹುಟ್ಟಿನೊಂದಿಗೆ ಬಂದವಲ್ಲ, ಅರ್ಥವಾಗದ ಮಗುವನ್ನು ಲೋಕ ನಡೆಸಿಕೊಂಡ ರೀತಿಯಿಂದ ಮೇಲೆ ಬೆಳೆದವು. ಇವುಗಳಿಂದ ಪಾರಾದವರಲ್ಲಿ ಎದ್ದು ಕಂಡದ್ದು ಆರು ವರ್ಷದೊಳಗೆ ಸಿಕ್ಕ ಗುರುತು, ಅಲುಗಾಡದ ಮನೆ, ಹಿಂಸೆ ಕಾಣದ ಬಾಲ್ಯ, ಅಂಗವಿಕಲರ ಸೇವೆಗಳಿಗೆ ಸಿಕ್ಕ ಅರ್ಹತೆ. ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಅಂಶ. ಮುಖದಲ್ಲೇ ಎದ್ದು ಕಾಣುವ ಪೂರ್ಣ ರೂಪದ ಬಾಧೆ ಇದ್ದವರು, ಸೌಮ್ಯವೆಂದು ಕಾಣುವ ಬಾಧೆ ಇದ್ದವರಿಗಿಂತ ಈ ತೊಂದರೆಗಳಿಂದ ಹೆಚ್ಚು ಪಾರಾಗಿದ್ದರು! ಊನ ಕಂಡದ್ದಕ್ಕೆ ನೆರವು ಬಂತು. ಕಾಣದಿದ್ದವರಿಗೆ ಬೈಗುಳ ಬಂತು. ಇವರಲ್ಲಿ ಹೆಚ್ಚಿನವರ ಬುದ್ಧಿಮಾಪನದ ಅಂಕ 70ಕ್ಕಿಂತ ಮೇಲಿರುತ್ತದೆ. ಅಷ್ಟಿದ್ದರೆ ಬುದ್ಧಿಮಾಂದ್ಯರೆಂಬ ಪಟ್ಟಿಗೆ ಸೇರಿಸುವುದಿಲ್ಲ, ಬಸ್ ಚೀಟಿಯ ಚಿಲ್ಲರೆ ಎಣಿಸಲು ಮಾತ್ರ ಎಷ್ಟೋ ಜನರಿಗೆ ಬರುವುದಿಲ್ಲ.

ದೂಷಣೆ ಬಿಟ್ಟರೆ ಬಸುರಿಯರಿಗೆ ಭಯವೇ ಇಲ್ಲದಾಗಿ ಕುಡಿತ ಹೆಚ್ಚುವುದಿಲ್ಲವೇ? ಇದು ತಳ್ಳಿಹಾಕುವಂಥ ಆಕ್ಷೇಪವಲ್ಲ. ಬಸಿರಿನಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆ ಯಾರಿಗೂ ಸಿಕ್ಕಿಲ್ಲ, ಆ ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಆದರೆ ಎಚ್ಚರಿಸುವುದು ಬೇರೆ, ಹೆದರಿಸುವುದು ಬೇರೆ. ಅಮೆರಿಕದ ಕೆಲವು ರಾಜ್ಯಗಳು ಬಸಿರಿನ ಕುಡಿತವನ್ನು ಮಗುವಿನ ಮೇಲಿನ ದೌರ್ಜನ್ಯವೆಂದು ಬಗೆದು ಕಾನೂನು ಮಾಡಿದವು. ದಶಕಗಳ ಜನನ ದಾಖಲೆಗಳನ್ನು ತಾಳೆಹಾಕಿದ ಸಂಶೋಧಕರಿಗೆ ಅಂಥ ಕಡೆ ಶಿಶುಗಳ ಆರೋಗ್ಯ ಸುಧಾರಿಸಿದ್ದು ಕಾಣಲಿಲ್ಲ. ಹೆಂಗಸರು ವೈದ್ಯರ ತಪಾಸಣೆಯಿಂದಲೇ ದೂರ ಸರಿಯುವ ಸೂಚನೆ ಕಂಡಿತು. ಕುಡಿತ ಚಟವಾಗಿರುವ ಹೆಣ್ಣಿಗೆ ಭಯ ಹೊಸದೇನಲ್ಲ. ಎಷ್ಟೋ ಸಲ ಅವಳ ಮನೆಯಲ್ಲಿ ಏಟು, ಬಡತನ ಮೊದಲೇ ಇರುತ್ತವೆ, ಕುಡುಕ ಗಂಡನೂ ಇರುತ್ತಾನೆ. ಬಸಿರಾಗಿರುವುದು ಗೊತ್ತಾಗುವ ಮೊದಲಿನ ವಾರಗಳಲ್ಲಿ ಕುಡಿದವಳಿಗಂತೂ ಭಯದಿಂದ ಆಗುವ ಉಪಕಾರ ಏನೂ ಇಲ್ಲ.

ಹೆದರಿಸದೆ ಮಾಡಿದ ಕೆಲಸಕ್ಕೆ ಸಿಯಾಟಲ್‌ನಲ್ಲೇ ಮಾದರಿಯಿದೆ. ಅಲ್ಲಿ 1991ರಲ್ಲಿ ಶುರುವಾದ ಪೇರೆಂಟ್-ಚೈಲ್ಡ್ ಅಸಿಸ್ಟೆನ್ಸ್ ಪ್ರೋಗ್ರಾಂನಲ್ಲಿ ಒಬ್ಬ ಕಾರ್ಯಕರ್ತೆ ಬಸಿರಿನಿಂದ ಅಥವಾ ಹೆರಿಗೆಯಾದ ಹೊಸತರಿಂದ ಮೂರು ವರ್ಷ ಕುಡಿತದ ಚಟವಿರುವ ತಾಯಿಯ ಮನೆಗೆ ಹೋಗಿಬರುತ್ತಾಳೆ. ಚಟ ಬಿಡಿಸುವ ಚಿಕಿತ್ಸೆ, ಮನೆ ಬಾಡಿಗೆ, ಗರ್ಭನಿರೋಧಕ, ಕೋರ್ಟಿನ ಓಡಾಟ ಎಲ್ಲಕ್ಕೂ ಜೊತೆಯಿರುತ್ತಾಳೆ. ತಾಯಿ ಮತ್ತೆ ಕುಡಿದಳೆಂದು ಅವಳನ್ನು ಕೈಬಿಡುವುದಿಲ್ಲ, ಇದು ಅಲ್ಲಿನ ನಿಯಮ. ಇಂಥದೇ ಬಾಳು ಕಂಡು ಮೇಲೆದ್ದ ಹೆಂಗಸರೂ ಈ ಕಾರ್ಯಕರ್ತೆಯರಲ್ಲಿದ್ದಾರೆ. ಮುಂದೆ ಕೆನಡಾದ ಆಲ್ಬರ್ಟಾ ಪ್ರಾಂತ್ಯವೂ ಇದನ್ನು ತೆಗೆದುಕೊಂಡಿತು. ಮುಂದಿನ ಮಗುವನ್ನು ಕಾಯುವ ದಾರಿಯೂ ಇದೇ ಆಗುತ್ತದೆ.

ಮಗುವಿನ ಕಡೆಯ ಆಸರೆ ಬೇರೆ ಬಗೆಯದು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆ ಇಲ್ಲಿ ದಾರಿ ತಪ್ಪಿಸುತ್ತದೆ. ಈ ಗಿಡವನ್ನು ಬಗ್ಗಿಸುವ ಬದಲು ಸುತ್ತಲಿನ ಮಣ್ಣನ್ನೇ ಹದಮಾಡಬೇಕು. ಒಂದು ಸಲಕ್ಕೆ ಒಂದೇ ಮಾತು, ದಿನಚರಿಗೆ ಚಿತ್ರಗಳು, ಪ್ರತಿದಿನ ಅದೇ ಹೊತ್ತಿಗೆ ಅದೇ ಕೆಲಸ. ನೆನಪು, ಲೆಕ್ಕ, ಮುಂದಾಲೋಚನೆಗೆ ಇನ್ನೊಬ್ಬರು ಜೊತೆಯಿರಬೇಕು, ದೊಡ್ಡವರಾದ ಮೇಲೂ. ಇದನ್ನು ಈ ಕ್ಷೇತ್ರದವರು 'ಹೊರಗಿನ ಮಿದುಳು' ಅನ್ನುತ್ತಾರೆ. ಹೀಗೆ ಮಿದುಳಾಗಿ ದುಡಿಯುವ ಅಪ್ಪ ಅಮ್ಮಂದಿರೂ ದಣಿಯುತ್ತಾರೆ. ಅವರಿಗೆ ಬೇಕಾದದ್ದು ಅದೇ ಹಾದಿ ಸವೆಸಿದ ಬೇರೆ ಹೆತ್ತವರ ಒಡನಾಟ, ಜೊತೆಗೆ ವಾರಕ್ಕೊಮ್ಮೆಯಾದರೂ ಮಗುವನ್ನು ನೋಡಿಕೊಳ್ಳುವ ಇನ್ನೊಂದು ಜೀವ. ಸಾಕುತಂದೆತಾಯಿಯರ ಪಾಡು ಇನ್ನೊಂದು ಬಗೆ, ಬಸಿರಿನ ದಿನಗಳ ಮಾತು ಹೇಳುವ ತಾಯಿ ಅವರ ಜೊತೆ ಇರುವುದಿಲ್ಲ. ಪೂರ್ವ ಯುರೋಪಿನಿಂದ ಸ್ವೀಡನ್ನಿಗೆ ದತ್ತು ಹೋದ 71 ಮಕ್ಕಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಈ ಬಾಧೆ ಕಂಡಿತ್ತು. ಸೆಪ್ಟೆಂಬರ್ 9, ಅಂದರೆ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ, ಈ ಬಾಧೆಯ ಜಾಗೃತಿ ದಿನವಾಗಿ 1999ರಿಂದ ನಡೆಯುತ್ತಿದೆ; ಅದಕ್ಕೆ ಮೊದಲು ಮುಂದಾದವರೂ ಸಾಕುತಂದೆತಾಯಿಯರೇ.

ನಮ್ಮಲ್ಲಿ ಹೆಂಗಸರು ಕುಡಿಯುವುದೆಲ್ಲಿ ಎಂಬ ಮಾತು ಈ ಹೊತ್ತಿಗೆ ಕೆಲವು ಮನೆಗಳಲ್ಲಿ ಬಂದಿರಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಡಿಯುತ್ತೇವೆ ಎಂದು ಹೇಳಿದ ಹೆಂಗಸರು ನೂರಕ್ಕೆ ಸುಮಾರು ಒಬ್ಬರು. ಇಷ್ಟು ದೊಡ್ಡ ದೇಶದಲ್ಲಿ ಅದು ಚಿಕ್ಕ ಲೆಕ್ಕವಲ್ಲ, ಮೇಲಾಗಿ ಒಪ್ಪಿಕೊಂಡವರ ಲೆಕ್ಕವಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಊನಗಳ ಪಟ್ಟಿಯಲ್ಲಿ ಈ ಬಾಧೆಯ ಹೆಸರಿಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ. ಬೌದ್ಧಿಕ ಊನ, ಕಲಿಕೆಯ ನ್ಯೂನತೆ ಆ ಪಟ್ಟಿಯಲ್ಲಿವೆ; ಮಗುವಿನ ತೊಡಕು ಅವಕ್ಕೆ ಹೊಂದಿದರೆ ಪ್ರಮಾಣಪತ್ರ ಪಡೆಯಬಹುದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತವೆ, ಬೆಳವಣಿಗೆ ಹಿಂದುಳಿದ ಮಕ್ಕಳನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ವ್ಯಸನ ಚಿಕಿತ್ಸೆಯ ಕೇಂದ್ರವೂ ಇವೆ, ಮಗುವಿಗೂ ತಾಯಿಗೂ ಒಂದೇ ಆವರಣ. ಇನ್ನು ಸಿಯಾಟಲ್‌ನ ಕಾರ್ಯಕರ್ತೆಯಂತೆ ಬಸುರಿಯ ಮನೆ ಬಾಗಿಲಿಗೆ ಹೋಗುವವರು ನಮ್ಮಲ್ಲಿ ಊರೂರಿಗೂ ಇದ್ದಾರೆ: ಆಶಾ ಕಾರ್ಯಕರ್ತೆ. ಊಟ, ಕಬ್ಬಿಣದ ಮಾತ್ರೆ, ರಕ್ತದೊತ್ತಡ ವಿಚಾರಿಸುವ ಅದೇ ದನಿಯಲ್ಲಿ, ಹುಬ್ಬೇರಿಸದೆ, 'ಅಕ್ಕಾ, ಕುಡಿಯೋ ಅಭ್ಯಾಸ ಏನಾದ್ರೂ ಇದೆಯಾ?' ಎಂದು ಕೇಳಲು ಅವಳಿಗೆ ಕಲಿಸಬೇಕು. ಇದೆ ಎಂಬ ಉತ್ತರ ಬಂದರೆ ಆ ಅಕ್ಕನನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ವಿಳಾಸವೂ ಅವಳ ಚೀಲದಲ್ಲಿರಬೇಕು.