ಇಶ್ಬೀಲಿಯಾದ ಗೋಪುರದ ಬುಡದಲ್ಲಿ



ಸ್ಪೇನ್ ಎಂದೊಡನೆ ನಮ್ಮ ಮನೆಗಳಲ್ಲಿ ಎರಡು ಭಾವನೆಗಳು ಒಟ್ಟಿಗೆ ಏಳುತ್ತವೆ. ಒಂದು ಅಭಿಮಾನ, ಇನ್ನೊಂದು ದುಃಖ. ಅಂದಲೂಸ್‌ನ ವೈಭವವನ್ನು ಹಾಡಿ ಹೊಗಳುತ್ತೇವೆ, ಅದರ ಪತನವನ್ನು ನೆನೆದು ನಿಟ್ಟುಸಿರು ಬಿಡುತ್ತೇವೆ. ಈ ಎರಡರ ನಡುವೆ ಮೂರನೆಯ ಕೆಲಸವೊಂದು ಬಾಕಿ ಉಳಿದಿದೆ. ಅದು ಅರ್ಥ ಮಾಡಿಕೊಳ್ಳುವ ಕೆಲಸ. ಇಂದು ಅದಕ್ಕಾಗಿ ನಿಮ್ಮನ್ನು ಒಂದು ಕಟ್ಟಡದ ಬಳಿಗೆ ಕರೆದೊಯ್ಯಲು ಬಯಸುತ್ತೇನೆ. ಅರಬರು ಇಶ್ಬೀಲಿಯಾ ಎಂದು ಕರೆದ, ಇಂದು ಜಗತ್ತು ಸೆವಿಲ್ ಎಂದು ಕರೆಯುವ ನಗರದ ಮಹಾ ಕ್ಯಾಥೆಡ್ರಲ್ ಅದು. ಜಗತ್ತಿನ ಗೋಥಿಕ್ ಚರ್ಚುಗಳಲ್ಲೇ ಅತಿ ವಿಶಾಲವಾದುದೆಂದು ಅದರ ಖ್ಯಾತಿ. 1987ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಉತ್ತರ ಭಾಗದಲ್ಲಿ 'ಕ್ಷಮೆಯ ಬಾಗಿಲು' ಎಂಬ ಮಹಾದ್ವಾರವಿದೆ. ಹೆಸರು ಕ್ರೈಸ್ತರದು, ಕಮಾನು ಮುಸ್ಲಿಮರದು. ಕಂಚಿನ ತಗಡು ಹೊದಿಸಿದ ಆ ಬಾಗಿಲುಗಳ ಮೇಲೆ ಕೂಫಿ ಲಿಪಿಯ ಅರಬಿ ಬರಹ ಇಂದಿಗೂ ಇದೆ. ಒಳಗೆ ಕಾಲಿಟ್ಟರೆ ಕಿತ್ತಳೆ ಮರಗಳ ಅಂಗಳ, ನಡುವೆ ಕಾರಂಜಿ. ಅದು ಒಂದು ಕಾಲದ ಜಾಮಿಅ ಮಸೀದಿಯ ಅಂಗಳ. ನಮಾಝಿಗಾಗಿ ಜನರು ಸೇರುತ್ತಿದ್ದ ಜಾಗ. ಅಂಗಳವನ್ನು ದಾಟಿದರೆ ಮಸೀದಿ ಇಲ್ಲ, ಚರ್ಚು ಇದೆ. ತಲೆಯೆತ್ತಿ ನೋಡಿದರೆ ಮಾತ್ರ ಮಸೀದಿಯ ಮಿನಾರ ಕಾಣಿಸುತ್ತದೆ. ಅದರ ನೆತ್ತಿಯ ಮೇಲೆ ಈಗ ಗಂಟೆಗಳಿವೆ.

ಈ ಮಸೀದಿಯನ್ನು ಕಟ್ಟಿಸಲು ತೊಡಗಿದವನು ಮುವಹ್ಹಿದ್ ದೊರೆ ಅಬೂ ಯಾಕೂಬ್ ಯೂಸುಫ್. ವರ್ಷ 1172. ಶಿಲ್ಪಿ ಅಹ್ಮದ್ ಇಬ್ನು ಬಾಸೊ. ಮಿನಾರದ ಕೆಲಸ 1184ರಲ್ಲಿ ಆರಂಭವಾಗಿ, ದೊರೆಯ ಮಗ ಅಲ್-ಮನ್ಸೂರನ ಕಾಲದಲ್ಲಿ, 1198ರಲ್ಲಿ ಮುಗಿಯಿತು. ಅದರ ಒಳಗೆ ಮೆಟ್ಟಿಲುಗಳ ಬದಲು 35 ಇಳಿಜಾರು ದಾರಿಗಳನ್ನು ಸುತ್ತಿಸಿದ್ದಾರೆ. ಕುದುರೆಯ ಮೇಲೆ ಕುಳಿತೇ ಏರಬಹುದಾದಷ್ಟು ಅಗಲ. ಇದೇ ಮನೆತನ ಮರ್ರಾಕುಶ್‌ನಲ್ಲಿ ಕಟ್ಟಿದ ಕುತುಬಿಯ್ಯ ಮಿನಾರ ಇದರ ಸೋದರಿ. ಆದರೆ ಸೆವಿಲ್‌ನ ಮಿನಾರದ ಬುಡವನ್ನು ಗಮನಿಸಿ. ಅಲ್ಲಿ ಲ್ಯಾಟಿನ್ ಬರಹವಿರುವ ರೋಮನ್ ಕಾಲದ ಕಲ್ಲುಗಳಿವೆ! ನಮ್ಮವರು ತಮಗಿಂತ ಹಿಂದಿನವರ ಕಲ್ಲಿನ ಮೇಲೆ ಕಟ್ಟಿದರು. ನಂತರ ಬಂದವರು ನಮ್ಮವರ ಇಟ್ಟಿಗೆಯ ಮೇಲೆ ಕಟ್ಟಿದರು. ಅಧಿಕಾರವು ಜನರ ನಡುವೆ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ ಎಂಬುದನ್ನು ಈ ಒಂದೇ ಗೋಪುರ ಬುಡದಿಂದ ತುದಿಯವರೆಗೆ ತೋರಿಸಿಕೊಡುತ್ತದೆ.

712ರಲ್ಲಿ ಮುಸ್ಲಿಮರ ವಶಕ್ಕೆ ಬಂದ ಈ ನಗರ 1248ರಲ್ಲಿ ಕೈತಪ್ಪಿತು. ಹೇಗೆ ತಪ್ಪಿತು? ಕಾಸ್ಟೈಲ್‌ನ ದೊರೆ ಮೂರನೇ ಫರ್ಡಿನಾಂಡ್ ನಗರವನ್ನು ಮುತ್ತಿದಾಗ ಅವನ ಪಾಳಯದಲ್ಲಿ ಗ್ರಾನಡಾದ ಮುಸ್ಲಿಂ ಅರಸ ಇಬ್ನುಲ್ ಅಹ್ಮರನ ಸೈನಿಕರೂ ಇದ್ದರು. ತನ್ನ ಗದ್ದುಗೆಯನ್ನು ಉಳಿಸಿಕೊಳ್ಳಲು ಆತ ಫರ್ಡಿನಾಂಡನ ಸಾಮಂತನಾಗಿದ್ದ. ಅಂದಲೂಸ್‌ನ ಪತನಕ್ಕೆ ಶತ್ರುವಿನ ಖಡ್ಗವನ್ನು ಮಾತ್ರ ಹೊಣೆ ಮಾಡುವವರು ಈ ಪುಟವನ್ನು ಮಗುಚಿ ಹಾಕಬಾರದು.

ನಗರ ಶರಣಾದ ಬಳಿಕ ಮಸೀದಿಯನ್ನು ಚರ್ಚ್ ಆಗಿ ಪರಿವರ್ತಿಸಲಾಯಿತು. ಸುಮಾರು 150 ವರ್ಷ ಅದೇ ಕಟ್ಟಡದಲ್ಲಿ ಕ್ರೈಸ್ತ ಆರಾಧನೆ ನಡೆಯಿತು. 1401ರಲ್ಲಿ ಹೊಸ ಚರ್ಚ್ ಕಟ್ಟುವ ನಿರ್ಧಾರವಾಯಿತು. ಮುಂದಿನ ಪೀಳಿಗೆಗಳು ಇದನ್ನು ಕಂಡು ಕಟ್ಟಿದವರಿಗೆ ಹುಚ್ಚು ಹಿಡಿದಿತ್ತೆಂದು ಭಾವಿಸಬೇಕು, ಅಷ್ಟು ದೊಡ್ಡದಾಗಿರಬೇಕು ಎಂದು ಪಾದ್ರಿಗಳು ಹೇಳಿಕೊಂಡರೆಂಬ ಐತಿಹ್ಯವಿದೆ. ಮಸೀದಿಯ ಸಭಾಂಗಣವನ್ನು ಕೆಡವಿದರು. ಆದರೆ ಹೊಸ ಕಟ್ಟಡ ಹಳೆಯ ತಳಹದಿಯ ಆಯತವನ್ನೇ ಅನುಸರಿಸಿತು. ಅದಕ್ಕಾಗಿಯೇ ಈ ಚರ್ಚು ಅಸಾಮಾನ್ಯವಾಗಿ ಅಗಲವಾಗಿದೆ. ಮುಖ್ಯ ಕಟ್ಟಡ 1506ರಲ್ಲಿ ಪೂರ್ಣಗೊಂಡಿತು. ಐದೇ ವರ್ಷಗಳಲ್ಲಿ, 1511ರಲ್ಲಿ, ನಡುಗೋಪುರ ಕುಸಿಯಿತು. ಅದನ್ನು ಮತ್ತೆ ಕಟ್ಟಿದರು.

ಒಳಗೆ ಹೋದವರು ಈ ಕಟ್ಟಡದ ಸೌಂದರ್ಯಕ್ಕೆ ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ. ಮೊನಚು ಕಮಾನುಗಳು, ಪಕ್ಕೆಲುಬಿನಂತೆ ಹರಡಿದ ಕಲ್ಲಿನ ಪಟ್ಟಿಗಳು, ಛಾವಣಿಯ ಭಾರವನ್ನು ಹೊರಗಿನ ಆಸರೆಗಳಿಗೆ ಸಾಗಿಸುವ ವಾರೆ ಕಮಾನುಗಳು. ಇದು ಗೋಥಿಕ್ ಶಿಲ್ಪದ ಗುಟ್ಟು. ಭಾರ ಹೊರಗೆ ಹರಿದುಹೋದುದರಿಂದ ಗೋಡೆಯಲ್ಲಿ ದೊಡ್ಡ ಕಿಟಕಿಗಳನ್ನು ತೆರೆದು ಬಣ್ಣದ ಗಾಜು ಕೂರಿಸಲು ಸಾಧ್ಯವಾಯಿತು. ಮುಖ್ಯ ಬಲಿಪೀಠದ ಹಿಂದಿನ ಮರದ ಕೆತ್ತನೆ 1482ರಲ್ಲಿ ಆರಂಭವಾಗಿ 1564ರಲ್ಲಿ ಮುಗಿಯಿತು. ಆರಂಭಿಸಿದ ಶಿಲ್ಪಿ ಮುಗಿದುದನ್ನು ಕಾಣಲಿಲ್ಲ. ತಾವು ಕಾಣಲಾರದ ಫಲಕ್ಕಾಗಿ ದುಡಿಯುವ ತಾಳ್ಮೆ ಯಾರಲ್ಲಿದ್ದರೂ ಅದು ಗೌರವಕ್ಕೆ ಅರ್ಹ. ವರ್ಷದೊಳಗೆ ಫಲ ಕಾಣದ ಯಾವ ಯೋಜನೆಗೂ ಕೈಹಾಕದ ನಮ್ಮ ಸಂಘ ಸಂಸ್ಥೆಗಳು ಇದನ್ನು ಯೋಚಿಸಬೇಕು.

ಆ ಕ್ಯಾಥೆಡ್ರಲ್‌ನಲ್ಲಿ ಎರಡು ಸಮಾಧಿಗಳಿವೆ. ಒಂದು ಫರ್ಡಿನಾಂಡ್ ದೊರೆಯದು. ಅದರ ಮೇಲಿನ ಸಮಾಧಿಲೇಖ ನಾಲ್ಕು ಭಾಷೆಗಳಲ್ಲಿದೆ: ಲ್ಯಾಟಿನ್, ಕಾಸ್ಟೈಲಿಯನ್, ಅರಬಿ ಮತ್ತು ಹೀಬ್ರೂ. ಗೆದ್ದವನ ಗೋರಿಯ ಮೇಲೆ ಸೋತವರ ಭಾಷೆ! ಆತ ತೀರಿಹೋದ 1252ರ ಆ ಕಾಲದಲ್ಲಿ ಈ ನಗರದಲ್ಲಿ ಮೂರು ಸಮುದಾಯಗಳೂ ತನ್ನ ಪ್ರಜೆಗಳೆಂಬ ಕಲ್ಪನೆ ಅರಮನೆಗೆ ಇತ್ತು. ಆ ಕಲ್ಪನೆ ಸತ್ತದ್ದು ನಿಧಾನವಾಗಿ. 1391ರಲ್ಲಿ ಇದೇ ಸೆವಿಲ್‌ನಲ್ಲಿ ಯಹೂದಿಯರ ಕೇರಿಯ ಮೇಲೆ ದಾಳಿ ನಡೆದು, ಬೆಂಕಿ ಸ್ಪೇನಿನ ಇತರ ನಗರಗಳಿಗೂ ಹಬ್ಬಿತು. ಅದಕ್ಕೆ ಮುನ್ನ ವರ್ಷಗಟ್ಟಲೆ ಪ್ರವಚನ ಪೀಠದಿಂದ ದ್ವೇಷದ ಭಾಷಣ ನಡೆದಿತ್ತು. 1480ರಲ್ಲಿ ಸ್ಪೇನಿನ ಇನ್‌ಕ್ವಿಸಿಶನ್ ಎಂಬ ಧರ್ಮ ವಿಚಾರಣಾ ನ್ಯಾಯಪೀಠದ ಮೊದಲ ಅಧಿಕಾರಿಗಳು ನೇಮಕಗೊಂಡು ಇದೇ ನಗರದಲ್ಲಿ ಕೆಲಸ ಆರಂಭಿಸಿದರು. 1492ರಲ್ಲಿ ಯಹೂದಿಯರ ಗಡೀಪಾರು. 1502ರಲ್ಲಿ ಕಾಸ್ಟೈಲ್‌ನ ಮುಸ್ಲಿಮರಿಗೆ ಮತಾಂತರ ಇಲ್ಲವೇ ದೇಶತ್ಯಾಗದ ಆಜ್ಞೆ. ಮತಾಂತರಗೊಂಡವರ ಸಂತತಿಯನ್ನೂ ಬಿಡಲಿಲ್ಲ. 1609ರಿಂದ 1614ರ ಒಳಗೆ ಸುಮಾರು 3 ಲಕ್ಷ ಮೊರಿಸ್ಕೊಗಳನ್ನು ಹಡಗು ಹತ್ತಿಸಿ ಹೊರಗಟ್ಟಿದರು. ದ್ವೇಷವು ಒಮ್ಮೆ ಬಾಗಿಲು ತೆರೆದರೆ ನೆರೆಮನೆಯವನಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಇನ್ನೊಂದು ಕೊಲಂಬಸನ ಸಮಾಧಿ. 1898ರಲ್ಲಿ ಕ್ಯೂಬಾ ಸ್ಪೇನಿನ ಕೈತಪ್ಪಿದಾಗ ಹವಾನಾದಿಂದ ತಂದ ಅಸ್ಥಿಯನ್ನು ಅಲ್ಲಿ ಇಡಲಾಗಿದೆ. ಕಾಸ್ಟೈಲ್, ಲಿಯಾನ್, ಅರಗಾನ್, ನವಾರ್ ಎಂಬ ನಾಲ್ಕು ರಾಜ್ಯಗಳ ಪ್ರತಿಮೆಗಳು ಆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತಿವೆ. ಗ್ರಾನಡಾ ಬಿದ್ದ ವರ್ಷವೇ ಆತ ಸಮುದ್ರಯಾನ ಹೊರಟದ್ದು. ಒಂದು ಸಾಮ್ರಾಜ್ಯದ ಆರಂಭ ಮತ್ತು ಅಂತ್ಯ ಎರಡನ್ನೂ ಕಂಡ ಆ ಅಸ್ಥಿಗಳು ಇಂದು ಪ್ರವಾಸಿಗರ ಕ್ಯಾಮೆರಾಕ್ಕೆ ವಸ್ತುವಾಗಿವೆ.

ಸಹೋದರರೇ, ಇಲ್ಲಿಗೆ ನನ್ನ ಮಾತನ್ನು ನಿಲ್ಲಿಸಿದರೆ ನೀವು ಮೆಚ್ಚಿಕೊಳ್ಳುವಿರಿ. ಆದರೆ ಅದು ಅರ್ಧ ಸತ್ಯವಾದೀತು. ಆ ಸುಂದರ ಮಿನಾರವನ್ನು ಪೂರ್ಣಗೊಳಿಸಿದ ಅಲ್-ಮನ್ಸೂರನ ಕಾಲದಲ್ಲಿಯೇ ಇನ್ನೊಂದು ಘಟನೆ ನಡೆಯಿತು. ಮಹಾ ವಿದ್ವಾಂಸ ಇಬ್ನು ರುಶ್ದ್ 1169ರಲ್ಲಿ ಇದೇ ನಗರದ ಖಾಝಿಯಾಗಿದ್ದವರು. 1195ರಲ್ಲಿ ಅಲ್-ಮನ್ಸೂರ್ ಅವರನ್ನು ಲುಸೇನಾ ಎಂಬ ಊರಿಗೆ ಗಡೀಪಾರು ಮಾಡಿದ. ಅವರ ತತ್ವಶಾಸ್ತ್ರದ ಗ್ರಂಥಗಳನ್ನು ಸುಡಿಸಿದ. ಮಿನಾರ ಪೂರ್ಣಗೊಂಡ 1198ರಲ್ಲೇ ಇಬ್ನು ರುಶ್ದ್ ನಿಧನರಾದರು. ಅವರ ಹಲವು ಕೃತಿಗಳ ಅರಬಿ ಮೂಲ ನಾಶವಾಗಿದೆ. ಅವು ಉಳಿದಿರುವುದು ಹೀಬ್ರೂ ಮತ್ತು ಲ್ಯಾಟಿನ್ ಅನುವಾದಗಳಲ್ಲಿ. ನಮ್ಮವರು ಸುಟ್ಟುದನ್ನು ಪರರು ಓದಿ ಬೆಳಗಿದರು! ಇದೇ ಮುವಹ್ಹಿದರ ಆಳ್ವಿಕೆಯಲ್ಲಿ ಯಹೂದಿ ಮತ್ತು ಕ್ರೈಸ್ತರು ಮತಾಂತರದ ಒತ್ತಡಕ್ಕೆ ಸಿಲುಕಿದರು. ಯಹೂದಿ ವಿದ್ವಾಂಸ ಇಬ್ನು ಮೈಮೂನರ ಕುಟುಂಬ ಕುರ್ತುಬಾವನ್ನು ತೊರೆಯಬೇಕಾಯಿತು. ಧರ್ಮದ ವಿಷಯದಲ್ಲಿ ಬಲವಂತವನ್ನು ಪವಿತ್ರ ಕುರ್‌ಆನ್ ಸ್ಪಷ್ಟವಾಗಿ ತಿರಸ್ಕರಿಸಿದೆ. ಸೂರಃ ಅಲ್‌ಹಜ್ಜ್‌ನ 40ನೇ ಸೂಕ್ತವು ಮಸೀದಿಗಳ ಜೊತೆಯಲ್ಲೇ ಇತರರ ಆರಾಧನಾಲಯಗಳ ರಕ್ಷಣೆಯನ್ನೂ ಹೇಳುತ್ತದೆ. ದೊರೆಗಳು ಅದನ್ನು ಮರೆತಾಗ ಗೋಪುರ ಎತ್ತರವಾಯಿತು, ಸಮಾಜ ಕುಗ್ಗಿತು.

ಹಾಗಾದರೆ ಆ ಚರ್ಚನ್ನು ನಮಗೆ ಮರಳಿಸಬೇಕೆಂದು ಕೇಳಬೇಕೇ? ಖಂಡಿತ ಕೂಡದು. ಏಳು ಶತಮಾನಗಳಿಗೂ ಮಿಕ್ಕಿ ಅಲ್ಲಿ ಕ್ರೈಸ್ತರು ಪ್ರಾರ್ಥಿಸುತ್ತಿದ್ದಾರೆ. ಇಂದು ಮೇಣದ ಬತ್ತಿ ಹಚ್ಚುವ ವೃದ್ಧೆ 1248ರ ಸೈನಿಕಳಲ್ಲ. ಜೆರುಸಲೇಮ್‌ನಲ್ಲಿ ಹಝ್ರತ್ ಉಮರ್(ರ) ಚರ್ಚಿನೊಳಗೆ ನಮಾಝ್ ಮಾಡಲು ಒಪ್ಪಲಿಲ್ಲವೆಂದೂ, ಅದನ್ನೇ ನೆಪ ಮಾಡಿ ಮುಂದಿನವರು ಆ ಜಾಗದ ಮೇಲೆ ಹಕ್ಕು ಸಾಧಿಸಬಾರದೆಂಬುದು ಅವರ ಕಾಳಜಿಯಾಗಿತ್ತೆಂದೂ ಇತಿಹಾಸದಲ್ಲಿ ಓದುತ್ತೇವೆ. ಶತಮಾನಗಳ ಹಿಂದಿನ ಲೆಕ್ಕವನ್ನು ಇಂದು ಪ್ರಾರ್ಥಿಸುವವರಿಂದ ವಸೂಲು ಮಾಡುವುದು ನ್ಯಾಯವಲ್ಲ. ಈ ಮಾತು ಎಲ್ಲ ದೇಶಗಳಿಗೂ, ಎಲ್ಲ ಧರ್ಮದವರಿಗೂ ಸಮಾನವಾಗಿ ಅನ್ವಯಿಸುತ್ತದೆ. ನಮಗೊಂದು, ಇತರರಿಗೊಂದು ಅಳತೆಗೋಲು ಇಟ್ಟುಕೊಂಡವರಿಗೆ ನ್ಯಾಯ ಕೇಳುವ ನಾಲಿಗೆ ಉಳಿಯುವುದಿಲ್ಲ.

ಆದರೆ ಸತ್ಯದ ಅಂಗೀಕಾರವನ್ನು ಕೇಳಬಹುದು, ಕೇಳಬೇಕು. 1992ರಲ್ಲಿ ಸ್ಪೇನ್ ಸರಕಾರ ಅಲ್ಲಿನ ಮುಸ್ಲಿಮರ ಆಯೋಗದೊಂದಿಗೆ ಸಹಕಾರ ಒಪ್ಪಂದವನ್ನು ಕಾನೂನಾಗಿ ಅಂಗೀಕರಿಸಿತು. 2003ರಲ್ಲಿ ಗ್ರಾನಡಾದಲ್ಲಿ ಹೊಸ ಮಸೀದಿ ತೆರೆಯಿತು. 2015ರ ಕಾನೂನು ಗಡೀಪಾರಾದ ಯಹೂದಿಯರ ವಂಶಸ್ಥರಿಗೆ ಪೌರತ್ವದ ಅವಕಾಶ ನೀಡಿತು. ಅದು ಶ್ಲಾಘನೀಯ. ಆದರೆ ಮೊರಿಸ್ಕೊಗಳ ಸಂತತಿಗೆ ಆ ಅವಕಾಶವನ್ನು ನೀಡಲಿಲ್ಲ. ಒಂದೇ ನೆಲದಿಂದ ಅಟ್ಟಲ್ಪಟ್ಟ ಇಬ್ಬರಲ್ಲಿ ಒಬ್ಬರ ನೋವು ಮಾತ್ರ ದಾಖಲಾದರೆ ಅದು ಪೂರ್ಣ ಪ್ರಾಯಶ್ಚಿತ್ತವೇ?

ಈ ಗೋಪುರ ಏಕೆ ಉಳಿಯಿತು ಎಂಬ ಪ್ರಶ್ನೆಯೊಂದು ಬಾಕಿ ಇದೆ. ನಗರ ಶರಣಾಗುವಾಗ ಮಿನಾರವನ್ನು ಕೆಡವಿಬಿಡಲು ಮುಸ್ಲಿಮರೇ ಬಯಸಿದರಂತೆ. ಒಂದು ಇಟ್ಟಿಗೆ ಕಿತ್ತರೂ ಕ್ಷಮೆಯಿಲ್ಲವೆಂದು ರಾಜಕುಮಾರ ಅಲ್ಫೊನ್ಸೊ ತಡೆದನಂತೆ. ಇದು ಆ ನಾಡಿನ ಐತಿಹ್ಯ. 1568ರ ಹೊತ್ತಿಗೆ ಅದರ ಮೇಲೆ ಗಂಟೆಗಳ ಅಂತಸ್ತು ಏರಿ, ಎತ್ತರ 100 ಮೀಟರ್ ದಾಟಿತು. ತುದಿಯಲ್ಲಿ ಗಾಳಿಗೆ ತಿರುಗುವ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ತಿರುಗುವುದು ಎಂಬ ಅರ್ಥದ ಪದದಿಂದಲೇ ಗೋಪುರಕ್ಕೆ ಖಿರಾಲ್ಡಾ ಎಂಬ ಹೆಸರು ಬಂತು. ಮಿನಾರ ಉಳಿದದ್ದು ಪರರೂ ಅದನ್ನು ತಮ್ಮದೆಂದು ಪ್ರೀತಿಸಿದ್ದರಿಂದ. ಇಬ್ನು ರುಶ್ದ್ ಉಳಿದದ್ದು ಪರರೂ ಅವರನ್ನು ಓದಿದ್ದರಿಂದ. ಒಂದು ಸಮುದಾಯ ಎಲ್ಲ ಮನುಷ್ಯರಿಗೂ ಉಪಯುಕ್ತವಾದುದನ್ನು ಕೊಟ್ಟರೆ ಅದನ್ನು ಕಾಯಲು ಮನುಷ್ಯರೇ ನಿಲ್ಲುತ್ತಾರೆ.

ಆದ್ದರಿಂದ ನಿಮ್ಮ ಮಕ್ಕಳಿಗೆ ಅಂದಲೂಸ್‌ನ ಕಥೆ ಹೇಳುವಾಗ ಕಳೆದುಕೊಂಡ ಅರಮನೆಗಳ ಪಟ್ಟಿಯನ್ನು ಮಾತ್ರ ಒಪ್ಪಿಸಬೇಡಿ. ಸುಟ್ಟ ಪುಸ್ತಕಗಳ, ಒಳಜಗಳಗಳ, ಗಡೀಪಾರಾದ ಯಹೂದಿ ಮತ್ತು ಮೊರಿಸ್ಕೊ ಕುಟುಂಬಗಳ ಕಥೆಯನ್ನೂ ಹೇಳಿ. ಊರಿನ ಮಿನಾರಕ್ಕೆ ಚಂದಾ ಎತ್ತುವಾಗ ಊರಿನ ಗ್ರಂಥಾಲಯಕ್ಕೂ ಒಂದು ಪಾಲು ತೆಗೆದಿಡಿ. ಅಲ್ಲಾಹನು ನಮಗೆ ಇತಿಹಾಸವನ್ನು ನ್ಯಾಯದ ಕಣ್ಣಿನಿಂದ ನೋಡುವ ವಿವೇಕವನ್ನು ಕರುಣಿಸಲಿ.