ಮಾಜಿ ಸೈನಿಕರ ಮನಸ್ಸು ಮತ್ತು ಕೃತಜ್ಞತೆ



ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಹಳ್ಳಿಗಳಿಗೆ ಸೇನೆಯಿಂದ ನಿವೃತ್ತರಾಗಿ ಮರಳಿದವರನ್ನು ತಾವು ಹಾರ ಹಾಕಿ ಬರಮಾಡಿಕೊಳ್ಳುವಿರಿ. ಹಾರ ಬಾಡಿದ ಮೇಲೆ, ಅವರಲ್ಲಿ ಕೆಲವರು ಇರುಳೆಲ್ಲ ನಿದ್ರೆಯಿಲ್ಲದೆ ಜಗಲಿಯ ಮೇಲೆ ಕುಳಿತಿರುವುದನ್ನು ಕಾಣುವವರು ಮನೆಯವರು ಮಾತ್ರ. ಜೊತೆಗಾರನು ಮಡಿದು ತಾನುಳಿದೆನೆಂಬ ಅಳಲು ವರ್ಷಗಟ್ಟಲೆ ಬಾಧಿಸುವುದುಂಟು. ಅಂಥವರಿಗೆ "ಬದುಕಿ ಬಂದೆಯಲ್ಲಪ್ಪ, ದೇವರಿಗೆ ಕೈ ಮುಗಿ" ಎನ್ನುವುದು ಸದುದ್ದೇಶದಿಂದಲೇ; ಆದರೆ ಆ ಮಾತಿಗೆ ಅವರ ಬಾಯಿ ಕಟ್ಟಿಹೋಗುತ್ತದೆ.

ಇನ್ನೊಬ್ಬ ಮಾಜಿ ಸೈನಿಕನೊಡನೆ ಕುಳಿತಾಗ ಸಂಗತಿ ಬೇರೆ. ಜ್ವರ ಬಂದ ರಾತ್ರಿ ತನ್ನ ಕಾವಲಿನ ಸರದಿಯನ್ನು ವಹಿಸಿಕೊಂಡವನನ್ನು, ರೊಟ್ಟಿ ಮುರಿದು ಕೊಟ್ಟವನನ್ನು ನೆನೆಯುತ್ತ ಮಾತು ತಾನಾಗಿ ಹೊರಡುತ್ತದೆ. ವಿಯೆಟ್ನಾಂ ಯುದ್ಧದ ಅಮೆರಿಕನ್ ಮಾಜಿ ಸೈನಿಕರನ್ನು ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೃತಜ್ಞತಾಭಾವ ಹೆಚ್ಚಿದ್ದ ದಿನಗಳಲ್ಲಿ ಅವರ ನೆಮ್ಮದಿಯೂ ಹೆಚ್ಚಿದ್ದುದು ಕಂಡುಬಂದಿತು. ಯಾವುದು ಕಾರಣ, ಯಾವುದು ಫಲ ಎಂಬುದನ್ನು ಅದು ನಿರ್ಣಯಿಸಲಿಲ್ಲವೆನ್ನಿ.

ಆದುದರಿಂದ ಮನೆಯ ಹಿರಿಯರು ಸಂತೆಯ ದಿನ ಹಳೆಯ ಜೊತೆಗಾರರೊಡನೆ ಚಹಾದಂಗಡಿಯಲ್ಲಿ ಹೊತ್ತು ಕಳೆದರೆ ಆಕ್ಷೇಪಿಸದಿರಿ. ನಿದ್ರೆಗೇಡು ವಾರಗಟ್ಟಲೆ ಮುಂದುವರಿದರೆ, ಕುಡಿತ ಹೆಚ್ಚಿದರೆ, ಸಾಯುವ ಮಾತು ಬಂದರೆ ಗೆಳೆತನವೊಂದೇ ಸಾಲದು. ಅವರನ್ನು ಒಂಟಿಯಾಗಿ ಬಿಡದೆ ಸರ್ಕಾರಿ ಆಸ್ಪತ್ರೆಗೆ ಕರೆತನ್ನಿರಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳೂ ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.