ಮಲೆಯ ಮಳೆ, ಬಯಲಿನ ನೆರೆ
(ಉಪನ್ಯಾಸದ ಬರಹರೂಪ)



ಮೈಸೂರಿನಿಂದ ಊಟಿಗೆ ಹೊರಟ ಪ್ರವಾಸಿಗರು ನಂಜನಗೂಡನ್ನು ದಾಟುವಾಗ ಕಿಟಕಿಯ ಹೊರಗೆ ನೋಡುವುದು ಕಡಿಮೆ. ಸಾವಿರ ಮೀಟರು ಏರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನಂಜನಗೂಡು ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿದೆ, ಊಟಿ ಸುಮಾರು 2,240 ಮೀಟರು. ಹತ್ತು ಡಿಗ್ರಿಯ ಈ ಅಂತರವೇ ಗಿರಿಧಾಮಗಳ ಬಂಡವಾಳ. ಆದರೆ ಬಯಲು ಬೆಟ್ಟದಿಂದ ಬೇಡುವುದು ತಂಪನ್ನಲ್ಲ, ನೀರನ್ನು.

ನೈಋತ್ಯ ಮಾರುತವು ವಯನಾಡಿನ ಪಶ್ಚಿಮದ ಅಂಚಿಗೆ ಬಡಿದು ತನ್ನ ಹೊರೆಯನ್ನು ಅಲ್ಲಿಯೇ ಇಳಿಸುತ್ತದೆ. ವೈತಿರಿಯ ಸುತ್ತ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆಯಾಗುತ್ತದೆ, ಅಲ್ಲಿಂದ ನೂರು ಕಿ.ಮೀ. ದೂರವೂ ಇಲ್ಲದ ನಂಜನಗೂಡಿಗೆ ದಕ್ಕುವುದು 700-800. ಕಾಲವೂ ಬೇರೆ. ಬಯಲಿನ ಬೇಸಾಯಗಾರನು ಭರಣಿ, ಕೃತ್ತಿಕೆಯ ಮಳೆಗೆ ಹೆಸರು, ಉದ್ದು, ಅಲಸಂದೆ ಬಿತ್ತುತ್ತಾನೆ. ಬಳಿಕ ಹಸ್ತ, ಚಿತ್ತೆಗಳ ದಾರಿ ಕಾಯುತ್ತಾನೆ. ನಡುವಿನ ಆಷಾಢ ಅವನಿಗೆ ಕೊಡುವುದು ಗಾಳಿ ಮತ್ತು ತುಂತುರು. ಕಪಿಲೆ ಉಕ್ಕುವುದು ಆಗಲೇ! ಹೊಲದ ಪೈರು ಹನಿಗೆ ಬಾಯಿಬಿಡುವಾಗ ಊರಿನ ಬೀದಿಗೆ ಹೊಳೆ ನುಗ್ಗಿರುತ್ತದೆ. 2018 ಮತ್ತು 2019ರ ಆಗಸ್ಟಿನಲ್ಲಿ ಸ್ನಾನಘಟ್ಟ ಮುಳುಗಿದ್ದಲ್ಲದೆ, ಮಲ್ಲನಮೂಲೆಯ ಬಳಿ ಊಟಿಯ ಹೆದ್ದಾರಿಯೇ ನೀರಿನಡಿಯಾಯಿತು.

1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯ ಹಿಡಿಯಬಲ್ಲದ್ದು 19.52 ಟಿ.ಎಂ.ಸಿ. ಒಳ್ಳೆಯ ಮಳೆಯ ವರ್ಷ ಅದು ಬೇಗನೆ ತುಂಬಿಬಿಡುತ್ತದೆ. ಅನಂತರ ಬಂದಷ್ಟನ್ನೂ ಕೆಳಗೆ ಬಿಡದೆ ಗತ್ಯಂತರವಿಲ್ಲ. ಆದ್ದರಿಂದ ನೀರನ್ನು ತಡೆದು ನಿಧಾನವಾಗಿ ಬಿಡಬೇಕಾದದ್ದು ಬೆಟ್ಟವೇ. ವಯನಾಡಿನ ಕಣಿವೆಗಳಲ್ಲಿ ಆ ಕೆಲಸವನ್ನು ಕಾಡಿನೊಡನೆ ಭತ್ತದ ಜೌಗುಗದ್ದೆಗಳು ಮಾಡುತ್ತಿದ್ದವು. ಅವುಗಳಲ್ಲಿ ಬಹಳಷ್ಟು ಬಾಳೆತೋಟಗಳಾದವು, ಕೆಲವು ಮಣ್ಣು ತುಂಬಿಸಿಕೊಂಡು ಕಟ್ಟಡಗಳಾದವು. ಗದ್ದೆಯಲ್ಲಿ ತಂಗುತ್ತಿದ್ದ ನೀರು ಈಗ ಚರಂಡಿ ಹಿಡಿದು ಓಡುತ್ತದೆ: ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರಿಯ ಬಂಡೆ. ಬೆಟ್ಟದ ಮೇಲಿನ ಗದ್ದೆಯ ಬದುವಿಗೂ ನಂಜನಗೂಡಿನ ಬೀದಿಗೂ ಇರುವ ನಂಟು ಇದು.

ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಸೇರುತ್ತದೆ. ಮುಂದೆ ತಲಕಾಡಿನಲ್ಲಿ ಕಡಲೇ ಇಲ್ಲದ ಕಡಲತೀರವೊಂದು ಕಾಣುತ್ತದೆ. ಗಂಗರ ರಾಜಧಾನಿಯಾಗಿದ್ದ ಊರಿನ ದೇಗುಲಗಳು ಮರಳದಿಬ್ಬಗಳೊಳಗೆ ಹೂತಿವೆ. ಜನ ಅಲಮೇಲಮ್ಮನ ಶಾಪವೆಂದರು. ನದಿ ತಿರುಗುವೆಡೆಯಲ್ಲಿ ಮರಳು ರಾಶಿಬಿದ್ದು, ಹರಿವು ಕುಗ್ಗಿದಾಗ ಬಯಲಾಗಿ, ಗಾಳಿ ಅದನ್ನು ದಡಕ್ಕೆ ಏರಿಸಿತೆಂಬುದು ವಿಜ್ಞಾನದ ವಿವರಣೆ. ಮಾಧವಮಂತ್ರಿಯ ಕಟ್ಟೆಯೂ ಇದಕ್ಕೆ ಕಾರಣವೆನ್ನುವವರುಂಟು. ಶಾಪದ ಕಥೆ ಹೆಚ್ಚು ಸೊಗಸಾಗಿದೆ, ನಿಜ.

ಆ ಮರಳು ಬೆಟ್ಟದ ಬಂಡೆ ಸವೆದು ಬಂದದ್ದು. ಇಂದು ಅದರ ಬಹುಪಾಲು ಕನ್ನಂಬಾಡಿ, ಕಬಿನಿ ಜಲಾಶಯಗಳಲ್ಲಿಯೇ ತಂಗುತ್ತದೆ. ಲಾರಿ ಹೊತ್ತೊಯ್ದ ಮರಳಿನ ಜಾಗವನ್ನು ಹೊಸ ಮರಳು ತುಂಬಲಾರದು. ಪಾತ್ರ ತಗ್ಗಿದಂತೆ ದಡದ ಬಾವಿಗಳ ನೀರೂ ತಗ್ಗುತ್ತದೆ.